ಮುನೇಶ ಮೇಷ್ಟರ ವರ್ಗಾವಣೆ

ಸೋಮವಾರ ಬೆಳಗಿನ ಪ್ರಾರ್ಥನೆ ನಡೆಯುತ್ತಿದ್ದಾಗ ರಾಮಲಕ್ಷ್ಮಮ್ಮನವರ ಕೈಚೀಲದೊಳಗೆ ಫೋನು ಹೊಡೆದುಕೊಂಡಿತು. ಪ್ರಾರ್ಥನೆಯ ನಡುವೆ ಫೋನು ತೆಗೆಯುವ ಅಭ್ಯಾಸ ಅವರಿಗಿರಲಿಲ್ಲ. ದೇವರ ಮುಂದೆ ನಿಂತಾಗ ಯಾರು ಕರೆದರೂ ತಿರುಗಿ ನೋಡಬಾರದು ಎಂದು ಕಲಿತು ಬೆಳೆದವರು ಅವರು. ಚಿನ್ನಗುಟ್ಟಪಲ್ಲಿಯ ಆ ಪುಟ್ಟ ಸರ್ಕಾರಿ ಶಾಲೆಯ ಅಂಗಳದಲ್ಲಿ ಮಕ್ಕಳು ಕಣ್ಣು ಮುಚ್ಚಿ ಕೈಮುಗಿದು ನಿಂತರೆ ಅವರ ಪಾಲಿಗೆ ಅದೂ ದೇವಸ್ಥಾನವೇ. ಫೋನು ನಿಂತಿತು, ಮತ್ತೆ ಹೊಡೆದುಕೊಂಡಿತು. ಮಕ್ಕಳು ಸಾಲಾಗಿ ಒಳಗೆ ಹೋಗುವಾಗ ತೆಗೆದು ನೋಡಿದರು. ಮುನೇಶನ ಹೆಸರಿತ್ತು. ಬೈಕು ಎಂದಿನಂತೆ ಮಂಚೇನಹಳ್ಳಿ ದಾಟಿ ಎಲ್ಲೋ ಕೆಟ್ಟು ನಿಂತಿರಬೇಕು, ತಡವಾಗುತ್ತದೆಂದು ಹೇಳಲು ಮಾಡಿರಬೇಕು ಎಂದುಕೊಂಡು ತಾವೇ ತಿರುಗಿ ಮಾಡಿದರು.

ಆ ಕಡೆಯಿಂದ ಬಂದದ್ದು ಮುನೇಶನ ದನಿಯಲ್ಲ, ಅವನ ತಮ್ಮ ಅಂಬರೀಶನದು.

"ಅಣ್ಣ ತೀರ್ಕೊಂಡ್ರು ಮೇಡಂ" ಎಂದ. "ನಿನ್ನೆ ನಮ್ಮೂರಿಗೆ ಬಂದಿದ್ರು. ಬೆಳಗ್ಗೆ ಸ್ನಾನಕ್ಕೆ ಅಂತ ಎದ್ರು. ಎದೆ ಹಿಡ್ಕೊಂಡು ಅಲ್ಲೇ ಕೂತ್ರು. ಶಿಡ್ಲಘಟ್ಟಕ್ಕೆ ಕರ್ಕೊಂಡು ಹೋಗೋ ಹೊತ್ತಿಗೆ ಏನೂ ಇರ್ಲಿಲ್ಲ."

 ಫೋನು ರಾಮಲಕ್ಷ್ಮಮ್ಮನವರ ಕಿವಿಯಲ್ಲೇ ಇತ್ತು. ಅಂಗಳದ ಬೇವಿನ ಮರ, ನೀರಿನ ಟ್ಯಾಂಕು, ಅಡುಗೆ ಕೋಣೆಯ ಹೊಗೆ ಎಲ್ಲವೂ ಇದ್ದಲ್ಲಿಯೇ ಇದ್ದವು. ನಲವತ್ತು ತುಂಬದ ಗಂಡಸು. ಶನಿವಾರ ಸಂಜೆ ಇದೇ ಅಂಗಳದಲ್ಲಿ ಬೈಕಿಗೆ ಒದ್ದು ಒದ್ದು ಸ್ಟಾರ್ಟ್ ಮಾಡಿಕೊಂಡು, "ಸೋಮವಾರ ನಿಮಗೊಂದು ಕೆಲಸ ಇಟ್ಟಿದೀನಿ ಮೇಡಂ" ಎಂದು ನಗುತ್ತ ಹೋಗಿದ್ದ.

ತರಗತಿಯ ಬಾಗಿಲಲ್ಲಿ ಮೂರನೇ ತರಗತಿಯ ಅಮೃತ ಬಂದು ನಿಂತಳು. ಅವಳ ಬೆನ್ನ ಹಿಂದೆ ಉಳಿದ ಮಕ್ಕಳ ತಲೆಗಳು.

"ಮೇಡಂ, ಸಾರ್ ಎಲ್ಲಿ?"

ಆ ಹುಡುಗಿ ಬಾಯಿಬಿಟ್ಟು ಕೇಳುವುದೇ ಒಂದು ದೊಡ್ಡ ವಿಷಯ. ರಾಮಲಕ್ಷ್ಮಮ್ಮನವರು ಅವಳ ಮುಖ ನೋಡಿದರು. ಮೂವತ್ತು ವರ್ಷ ಮೀರಿದ ತಮ್ಮ ಸೇವೆಯಲ್ಲಿ ಮೇಷ್ಟರುಗಳು ಶಾಲೆ ಬಿಟ್ಟು ಹೋಗುವುದನ್ನು ಅವರು ಕಂಡದ್ದು ಎರಡೇ ರೀತಿ: ನಿವೃತ್ತಿ, ಇಲ್ಲವೇ ವರ್ಗ. ಅವರು ಯೋಚಿಸಿ ಹೇಳಿದ್ದಲ್ಲ. ನಾಲಿಗೆಯೇ ಹೇಳಿತು.

"ಸಾರ್‌ಗೆ ವರ್ಗ ಆಗಿದೆಯಮ್ಮ. ಬೇರೆ ಸ್ಕೂಲಿಗೆ."

"ಯಾವೂರು?"

"ಚಿಂತಾಮಣಿ ಕಡೆ. ಕೈವಾರದ ಹತ್ರ."

ಕೈವಾರಕ್ಕೆ, ತಾತಯ್ಯನವರ ಮಠಕ್ಕೆ, ಅವರು ಹುಣ್ಣಿಮೆಗೊಮ್ಮೆ ತಪ್ಪದೆ ಹೋಗುತ್ತಿದ್ದರು. ಕಷ್ಟ ಬಂದಾಗ ಅವರ ಬಾಯಿಗೆ ತಾನಾಗಿ ಬರುವ ಹೆಸರು ಅದು. ಆ ದಿನವೂ ಬಂತು. ಪುಣ್ಯಕ್ಷೇತ್ರದ ಹೆಸರಿನಲ್ಲಿ ಒಂದು ಮಗುವಿನ ಮುಂದೆ ಸುಳ್ಳು ಹೇಳಿದೆನೆಂಬುದು ಹೊಳೆದದ್ದು ಅವಳು ತಲೆಯಾಡಿಸಿ ಒಳಗೆ ಹೋದ ಮೇಲೆಯೇ.

ಮುನೇಶ ಆ ಶಾಲೆಗೆ ಬಂದು ಕೆಲವು ವರ್ಷಗಳಾಗಿದ್ದವು. ಹುಟ್ಟೂರು ಶಿಡ್ಲಘಟ್ಟದ ಹತ್ತಿರ. ಮಂಚೇನಹಳ್ಳಿಯಲ್ಲಿ ಹೆಂಡತಿ ಕವಿತಳೊಂದಿಗೆ ಬಾಡಿಗೆ ಮನೆ. ಶಾಲೆಯಲ್ಲಿ ಇದ್ದವರು ಇಬ್ಬರೇ ಶಿಕ್ಷಕರು, ಮುಖ್ಯೋಪಾಧ್ಯಾಯಿನಿ ರಾಮಲಕ್ಷ್ಮಮ್ಮನವರು ಮತ್ತು ಅವನು. ನಗರಗೆರೆಯಿಂದಾಚೆ, ಆಂಧ್ರದ ಗಡಿಗೆ ಒತ್ತಿಕೊಂಡ ಹಳ್ಳಿ ಅದು. ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಿದ್ದರು, ಶಾಲೆಯಲ್ಲಿ ಕನ್ನಡಕ್ಕೆ ತಲೆಯಾಡಿಸುತ್ತಿದ್ದರು.

ಆ ವರ್ಷ ಇಲಾಖೆಯ ತರಬೇತಿಯಲ್ಲಿ ಪ್ರತಿಯೊಬ್ಬ ಶಿಕ್ಷಕನೂ ಒಂದು ಕ್ರಿಯಾ ಸಂಶೋಧನೆ ಮಾಡಬೇಕೆಂದು ಹೇಳಿದ್ದರು. ತನ್ನ ತರಗತಿಯ ಒಂದು ತೊಡಕನ್ನು ಹಿಡಿದು, ತನ್ನ ಪಾಠದ ರೀತಿಯನ್ನು ತಾನೇ ತಿದ್ದಿಕೊಂಡು, ಆದದ್ದನ್ನು ಬರೆದು ತೋರಿಸಬೇಕು. ಬಹಳ ಜನ ಹಳೆಯದೊಂದನ್ನು ಹೊಸ ಹಾಳೆಗೆ ಇಳಿಸಿ ಕೈತೊಳೆದುಕೊಳ್ಳುತ್ತಾರೆ. ರಾಮಲಕ್ಷ್ಮಮ್ಮನವರೂ ಒಳ್ಳೆಯ ಮನಸ್ಸಿನಿಂದಲೇ ಅವನಿಗೆ ಹೇಳಿದ್ದರು.

"ನನ್ನ ಹತ್ರ ಒಂದು ಹಳೇದೈತೆ ತಗೋಳಪ್ಪ. ಕೈಬರಹ ಸುಧಾರಣೆ ಅಂತ. ಮೂರು ಜನ ಅದ್ರಲ್ಲೇ ಪಾಸಾಗವ್ರೆ."

"ನಾಲ್ಕನೆಯವನಾಗಕ್ಕೆ ನಾಚಿಕೆ ಮೇಡಂ" ಎಂದಿದ್ದ ಅವನು.

ಅವನು ಮಾಡಿದ ಮೊದಲ ಕೆಲಸವೆಂದರೆ ತನ್ನ ಪಾಠವನ್ನೇ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಅಡುಗೆ ಕೋಣೆಯ ಕಟ್ಟೆಯ ಮೇಲೆ ಇಟ್ಟು ಹಾಕಿದ. ರಾಮಲಕ್ಷ್ಮಮ್ಮನವರು ಕೇಳಿದರು, ಅಡುಗೆಯ ಆದಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಕೇಳಿದಳು. ಪಾಠದುದ್ದಕ್ಕೂ ಅವನದೇ ದನಿ. ಅವನು ಒಂದು ಮಾತು ಹೇಳುವುದು, ಎಲ್ಲ ಮಕ್ಕಳೂ ಸೇರಿ "ಹೌದು ಸಾರ್" ಎನ್ನುವುದು. ಒಮ್ಮೆ ಅವನು ಬಾಯಿ ತಪ್ಪಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದಿದ್ದ. ಅದಕ್ಕೂ "ಹೌದು ಸಾರ್" ಬಂದಿತ್ತು.

"ಹರಿಕಥೆ ದಾಸರು ನಿಂತಂಗೈತೆ" ಎಂದು ಆದಿಲಕ್ಷ್ಮಮ್ಮ ನಕ್ಕಳು. "ನೀವೇನಂದ್ರೂ ಗೋವಿಂದಾ ಅಂತಾವೆ ಪಾಪ."

ಅವನು ನಗಲಿಲ್ಲ. ಆ ದಿನದಿಂದ ಪಾಠದ ಕೊನೆಯಲ್ಲಿ ಒಂದಿಷ್ಟು ಹೊತ್ತು ನೆಲದ ಮೇಲೆ ಮಕ್ಕಳ ಸಮಕ್ಕೆ ಕೂತು ಸುಮ್ಮನಿರತೊಡಗಿದ. ಏನು ಬೇಕಾದರೂ ಕೇಳಬಹುದು. ತೆಲುಗಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ. ಕೇಳಿದವರನ್ನು ನೋಡಿ ಯಾರೂ ನಗಬಾರದು. ಅವನಿಗೆ ಗೊತ್ತಿದ್ದರೆ ನಿಜ ಹೇಳುತ್ತಾನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತಾನೆ, ಹುಡುಕಿಕೊಂಡು ಬರುತ್ತಾನೆ. ಅಲ್ಲಿಯತನಕ ಆ ಪ್ರಶ್ನೆ ಕಪ್ಪು ಹಲಗೆಯ ಮೂಲೆಯಲ್ಲಿ ಇರುತ್ತದೆ, ಯಾರೂ ಅಳಿಸುವಂತಿಲ್ಲ. ಜೊತೆಯ ಶಿಕ್ಷಕರೊಬ್ಬರು ಹಿಂದೆ ಕೂತು ನೋಡಿ, ಕಂಡದ್ದನ್ನು ಮುಲಾಜಿಲ್ಲದೆ ಹೇಳಬೇಕು ಎಂಬುದು ತರಬೇತಿಯವರ ಷರತ್ತು. ಇದ್ದವರು ಇಬ್ಬರೇ ಆದ್ದರಿಂದ ಆ ಕೆಲಸ ರಾಮಲಕ್ಷ್ಮಮ್ಮನವರಿಗೇ ಬಂತು.

ಮೊದಲ ದಿನಗಳಲ್ಲಿ ಮಕ್ಕಳು ಹೆದರಿದರು. ಮೇಷ್ಟರು ಮಾತಾಡದೆ ಕೂತರೆ ಅದಕ್ಕೆ ಒಂದೇ ಅರ್ಥ. "ಸಾರ್‌ಕಿ ಕೋಪಂ ವಚ್ಚಿಂದಿ" ಎಂದು ಒಬ್ಬರ ಕಿವಿಯಲ್ಲೊಬ್ಬರು ಪಿಸುಗುಟ್ಟಿ, ಸಾರ್‌ಗೆ ಸಿಟ್ಟು ಬಂದಿದೆಯೆಂದು ಮುದುರಿಕೊಂಡು ಕೂತವು. ಆಮೇಲೊಂದು ದಿನ ಐದನೇ ತರಗತಿಯ ಯಾಮಿನಿ ಎದ್ದು, "ಸಾರ್, ನಿಮ್ಮ ಬೈಕು ಯಾಕೆ ಹಂಗೆ ಕೆಮ್ಮುತ್ತೆ?" ಎಂದು ಕೇಳಿದಳು. ಯಾರೂ ನಗಬಾರದೆಂಬ ನಿಯಮ ಮಾಡಿದವನೇ ಬಿದ್ದು ಬಿದ್ದು ನಕ್ಕ. ಅಲ್ಲಿಂದ ಕಟ್ಟೆ ಒಡೆದಂತಾಯಿತು.

ಅಮೃತ ಮಾತ್ರ ಕೇಳುತ್ತಿರಲಿಲ್ಲ. ಅವಳ ತಂದೆ ರಮೇಶ್‌ಬಾಬು ಬೋರ್‌ವೆಲ್ ಕೊರೆಯುವ ಲಾರಿಯಲ್ಲಿ ಕೆಲಸಕ್ಕಿದ್ದವನು. ಹಿಂದಿನ ವರ್ಷ ಉತ್ತರದ ಯಾವುದೋ ರಾಜ್ಯದಲ್ಲಿ ಪೈಪು ಜಾರಿ ಬಿದ್ದು ತೀರಿಕೊಂಡಿದ್ದ. ಗಡಿಯಾಚೆ ಅವನ ತಂದೆಯ ಊರಿನಲ್ಲೇ ಮಣ್ಣು ಮಾಡಿದರು. ಅಷ್ಟು ದಿನ ಹುಡುಗಿಯನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು. ಅಪ್ಪ ಲಾರಿಯ ಜೊತೆ ದೂರ ಹೋಗಿದ್ದಾನೆ, ಬರುತ್ತಾನೆ ಎಂದು ಹೇಳಿದರು. ಊರಿಗೆ ಊರೇ ಆ ಮಾತನ್ನು ಕಾಪಾಡಿಕೊಂಡು ಬಂದಿತ್ತು. ತಿಂಗಳುಗಳು ಕಳೆದಂತೆ ಹುಡುಗಿ ಮಾತು ಕಡಿಮೆ ಮಾಡಿದಳು. ಕೊನೆಗೆ ಶಾಲೆಯಲ್ಲಿ ಪೂರ್ತಿ ನಿಲ್ಲಿಸಿದಳು.

ಮುನೇಶ ಅವಳನ್ನು ಒಮ್ಮೆಯೂ ಎಬ್ಬಿಸಿ ಕೇಳಿದವನಲ್ಲ. ಸುಮ್ಮನೆ ಕೂತಿರುತ್ತಿದ್ದ. ದಸರೆ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಕೂತಲ್ಲಿಂದಲೇ ಕೇಳಿದಳು: "ಬೋರ್ ಲಾರಿ ಎಷ್ಟು ದೂರ ಹೋಗುತ್ತೆ?"

 ಹಿಂದೆ ಕೂತಿದ್ದ ರಾಮಲಕ್ಷ್ಮಮ್ಮನವರ ಕೈಯಲ್ಲಿ ಪೆನ್ನು ಅಲ್ಲಾಡಲಿಲ್ಲ. ಮುನೇಶ ಎದ್ದು ಆ ಪ್ರಶ್ನೆಯನ್ನು ಹಲಗೆಯ ಮೂಲೆಯಲ್ಲಿ ಬರೆದ. "ನಾಳೆ ಹೇಳ್ತೀನಮ್ಮ" ಎಂದ. ಮರುದಿನ ಹೇಳಲಿಲ್ಲ, ಅದರ ಮರುದಿನವೂ ಇಲ್ಲ. ಆದರೂ ಹುಡುಗಿ ಆಮೇಲೆ ಒಂದೊಂದೇ ಮಾತು ಆಡತೊಡಗಿದಳು, ಕೇಳಿದ್ದನ್ನು ಬರೆದುಕೊಂಡಿದ್ದಾರೆ, ಇನ್ನು ಉತ್ತರ ಬಂದೇ ಬರುತ್ತದೆ ಎಂಬ ಹಾಗೆ.

ಅವಳ ತಾಯಿಯೊಡನೆ ಮಾತಾಡಿ ನಿಜ ಹೇಳಿಸೋಣ, ನೀವೂ ಬನ್ನಿ ಎಂದು ಅವನು ರಾಮಲಕ್ಷ್ಮಮ್ಮನವರನ್ನು ಕೇಳಿದ್ದ. ಹಸುಗೂಸು, ಅಷ್ಟು ದೊಡ್ಡ ಮಾತನ್ನು ತಡೆದುಕೊಳ್ಳುವುದಿಲ್ಲ, ದೊಡ್ಡವಳಾದ ಮೇಲೆ ತಾನೇ ತಿಳಿದುಕೊಳ್ಳುತ್ತಾಳೆ ಬಿಡು ಎಂದು ಇವರು ಹೇಳಿದ್ದರು. ಅವನು ವಾದಕ್ಕೆ ನಿಲ್ಲಲಿಲ್ಲ.

"ಈ ಒಂದಕ್ಕೆ ಉತ್ತರ ಕೊಡದೆ ನನ್ನ ಪ್ರಾಜೆಕ್ಟ್ ಮುಗಿಯಲ್ಲ ಮೇಡಂ" ಎಂದಷ್ಟೇ ಅಂದಿದ್ದ.

ಆ ಸೋಮವಾರ ಮಕ್ಕಳಿಗೆ ಬೇಗ ಊಟ ಹಾಕಿಸಿ ಮನೆಗೆ ಕಳಿಸಿ, ಶಾಲಾ ಸಮಿತಿಯ ಅಧ್ಯಕ್ಷ ಕೊಂಡಪ್ಪನ ಕಾರಿನಲ್ಲಿ ರಾಮಲಕ್ಷ್ಮಮ್ಮನವರು ಶಿಡ್ಲಘಟ್ಟದ ದಾರಿ ಹಿಡಿದರು. ಕಾರು ಚಿಕ್ಕಬಳ್ಳಾಪುರ ದಾಟಿತು. ಆಮೇಲೆ ಅವರು ತಾವು ಮಕ್ಕಳಿಗೆ ಹೇಳಿದ್ದನ್ನು ಹೇಳಿದರು. ಕೊಂಡಪ್ಪ ಅದೇ ಸರಿ ಎಂದ. ಆ ಅಮೃತ ಮತ್ತೆ ಬಾಯಿ ಮುಚ್ಚಿಕೊಂಡರೆ ಈ ಸಲ ತೆರೆಯಿಸುವವರು ಯಾರು? ಊರಿನಲ್ಲಿ ಎಲ್ಲರಿಗೂ ಹೇಳಿಬಿಡುತ್ತೇನೆ, ಮಕ್ಕಳ ಮುಂದೆ ಯಾರೂ ಬಾಯಿಬಿಡುವುದಿಲ್ಲ ಎಂದ. ಊರಿಗೆ ಅದು ಅಭ್ಯಾಸವಾಗಿದ್ದ ಕೆಲಸ.

ಮುನೇಶನನ್ನು ಮನೆಯ ಮುಂದೆ ಮಲಗಿಸಿದ್ದರು. ತಲೆಯ ಹತ್ತಿರ ದೀಪ, ಬುದ್ಧನ ಪಟ. ಅವನ ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ತರಗತಿಯ ನೆಲದ ಮೇಲೆ ಸುಮ್ಮನೆ ಕೂತಿರುತ್ತಿದ್ದಾಗಿನ ಮುಖವೇ. ರಾಮಲಕ್ಷ್ಮಮ್ಮನವರಿಗೆ ಅಳು ಬರಲಿಲ್ಲ.  ಹಿರಿಯರೊಬ್ಬರು ಬುದ್ಧನ ಐದು ನೇಮಗಳಾದ ಪಂಚಶೀಲವನ್ನು ಹೇಳಿಸಿದರು. ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದರು, ಸುತ್ತ ನಿಂತವರು ಕೈಮುಗಿದು ಅದನ್ನೇ ಹೇಳಿದರು. ಯಾವ ದೇವರ ಹೆಸರಾದರೇನು ಎಂದು ಇವರೂ ಮನಸ್ಸಿಟ್ಟು ಹೇಳುತ್ತ ಬಂದರು. ನಾಲ್ಕನೆಯದು ಬಂತು: ಸುಳ್ಳಾಡುವುದರಿಂದ ದೂರವಿರುತ್ತೇನೆ. ಎಲ್ಲರೂ ಹೇಳಿದರು. ರಾಮಲಕ್ಷ್ಮಮ್ಮನವರ ತುಟಿ ಮಾತ್ರ ಅಲುಗಲಿಲ್ಲ.

ಹೊರಡುವಾಗ ಕವಿತ ಅವರ ಕೈ ಹಿಡಿದುಕೊಂಡಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಶನಿವಾರ ಸ್ಕೂಲಿಂದ ಬಂದಾಗಿಂದ ಅದೇ ಮಾತು ಮೇಡಂ. ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಆ ಮಗು ಮನೆಗೆ ಹೋಗ್ಬೇಕು, ಮೇಡಂನ ಹೆಂಗಾದ್ರೂ ಒಪ್ಪಿಸಿ ಕರ್ಕೊಂಡು ಹೋಗ್ತೀನಿ ಅಂತ. ನಾನು ಹೇಳಿದ್ರೆ ಕೇಳಲ್ಲ, ಮೇಡಂ ಹೇಳಿದ್ರೆ ಆ ತಾಯಿ ಕೇಳ್ತಾಳೆ ಅಂತಿದ್ರು... ಹೋದ್ರಾ ಮೇಡಂ?"

ಏನು ಕೇಳುತ್ತಿದ್ದೇನೆಂದು ಅವಳಿಗೇ ತಿಳಿದಿರಲಿಲ್ಲ. ರಾಮಲಕ್ಷ್ಮಮ್ಮನವರು ಅವಳ ತಲೆ ಸವರಿ ಕಾರು ಹತ್ತಿದರು.

ಮಂಗಳವಾರ ಮಕ್ಕಳು ಬಂದರು, ಹಾಜರಿ ಆಯಿತು, ಊಟವಾಯಿತು. ಆದಿಲಕ್ಷ್ಮಮ್ಮ ಹೊಗೆಯ ನೆವದಲ್ಲಿ ಮತ್ತೆ ಮತ್ತೆ ಕಣ್ಣೊರೆಸಿಕೊಂಡಳು. ಬುಧವಾರ ರಾಮಲಕ್ಷ್ಮಮ್ಮನವರು ಒಂದು ನಿಶ್ಚಯ ಮಾಡಿದರು. ಅವನಿಗಾಗಿ ತಾವು ಮಾಡಬಹುದಾದದ್ದು ಆ ಕೆಲಸವನ್ನು ಮುಂದುವರಿಸುವುದೊಂದೇ. ಮಂಡಿನೋವಿದ್ದರೂ ಪಾಠದ ಕೊನೆಯಲ್ಲಿ ಅವನು ಕೂರುತ್ತಿದ್ದ ಜಾಗದಲ್ಲಿ ನೆಲಕ್ಕೆ ಕೂತರು. ಹಲಗೆಯ ಮೂಲೆಯಲ್ಲಿ ಅವನ ಅಕ್ಷರ ಹಾಗೆಯೇ ಇತ್ತು. ಅತ್ತ ನೋಡದೆ, ಏನು ಬೇಕಾದರೂ ಕೇಳಿ ಎಂದರು.

ಯಾರೂ ಕೇಳಲಿಲ್ಲ.

ಕಾದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗರ ಕಡೆ ಏನೋ ಗುಸುಗುಸು ಎದ್ದಿತು. ಯಾಮಿನಿ ತಿರುಗಿ ನೋಡಿದ್ದೇ ಅಡಗಿತು. ಎಲ್ಲವೂ ಮೊದಲಿನಂತಾಯಿತು, ಅವನು ಇಷ್ಟು ತಿಂಗಳು ಪಟ್ಟ ಪಾಡು ಮೂರು ದಿನದಲ್ಲಿ ಮಣ್ಣುಪಾಲಾಯಿತು ಎಂದು ಅವರು ಗೋಡೆ ಹಿಡಿದು ಎದ್ದರು.

ಗುರುವಾರ ಗೌರಿಬಿದನೂರಿನ ತಮ್ಮ ಮನೆಯಿಂದ ಎಂದಿನ ಬಸ್ಸಿನಲ್ಲಿ ಬಂದು ಇಳಿದು ನೋಡಿದರೆ, ಅಂಗಳದಲ್ಲಿ ಹೆಣ್ಣುಮಕ್ಕಳಲ್ಲಿ ಅರ್ಧ ಜನ ಇಲ್ಲ. ಹುಡುಗರೆಲ್ಲ ಇದ್ದಾರೆ. ಎಲ್ಲಿ ಎಂದರೆ ಬಾಯಿಬಿಡುವವರಿಲ್ಲ. ಗದರಿಸಬೇಕೆಂದು ಬಂದ ಮಾತನ್ನು ನುಂಗಿ, ಅವರು ಮೆಟ್ಟಿಲ ಮೇಲೆ ಕೂತು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ನಾಲ್ಕನೇ ತರಗತಿಯ ಹುಡುಗನೊಬ್ಬ ತಡೆಯಲಾರದೆ ಹೇಳಿಬಿಟ್ಟ.

"ಆಫೀಸಿಗೆ ಹೋಗವ್ರೆ ಮೇಡಂ. ಗೌರಿಬಿದನೂರಿಗೆ. ಸಾರ್ ವರ್ಗ ಕ್ಯಾನ್ಸಲ್ ಮಾಡಿಸ್ಕೊಂಡು ಬರಕ್ಕೆ. ಹುಡುಗೀರಿಗೆ ಬಸ್ಸು ಫ್ರೀ ಅಲ್ವಾ, ಆಧಾರ್ ಕಾರ್ಡ್ ತಗೊಂಡು ಅವರೇ ಹೋದ್ರು. ನಮಗೆ ಟಿಕೆಟ್ ಕೇಳ್ತಾರೆ ಅಂತ ಬಿಟ್ಟೋದ್ರು."

 ರಾಮಲಕ್ಷ್ಮಮ್ಮನವರು ಮರೆತೇಬಿಟ್ಟಿದ್ದರು. ಎರಡು ವರ್ಷದ ಹಿಂದೆ ಮಕ್ಕಳ ಸಂಖ್ಯೆ ಕಡಿಮೆಯೆಂದು ಮುನೇಶನನ್ನು ಹೆಚ್ಚುವರಿ ಶಿಕ್ಷಕನೆಂದು ಗುರುತಿಸಿ ಬೇರೆ ಶಾಲೆಗೆ ಹಾಕಿದ್ದರು. ಆಗ ಊರಿನವರು ಶಾಲೆಯ ಗೇಟಿಗೆ ಬೀಗ ಜಡಿದು, ಮಕ್ಕಳನ್ನೂ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗಿ ಗೌರಿಬಿದನೂರಿನ ಶಿಕ್ಷಣ ಕಚೇರಿಯ ಜಗಲಿಯ ಮೇಲೆ ಕೂತಿದ್ದರು. ಅಧಿಕಾರಿಗಳು ಮಕ್ಕಳಿಗೆ ಮಜ್ಜಿಗೆ ಕೊಡಿಸಿ, ವಾರದೊಳಗೆ ಆದೇಶ ರದ್ದು ಮಾಡಿ ಮೇಷ್ಟರನ್ನು ವಾಪಸು ಕಳಿಸಿದ್ದರು. ಅವನು ಬಂದ ದಿನ ಯಾಮಿನಿಯೇ ಆರತಿ ತಟ್ಟೆ ಹಿಡಿದಿದ್ದಳು. ಈ ಊರಿನ ಮಕ್ಕಳಿಗೆ ವರ್ಗವೆಂದರೆ ಹೋಗಿ ಕೂತರೆ ರದ್ದಾಗುವಂಥದ್ದು. ತಾವು ಅವರ ನೋವು ತಪ್ಪಿಸಲೆಂದು ಆ ಮಾತು ಹೇಳಿದ್ದರು. ಮಕ್ಕಳು ಅದರಲ್ಲಿ ಸಾರ್ ವಾಪಸು ಬರುವ ದಾರಿ ಕಂಡಿದ್ದರು.

"ನಾನು ಬೇಡ ಅಂದೆ ಮೇಡಂ" ಎಂದ ಹುಡುಗ, ತಲೆ ಬಗ್ಗಿಸಿಕೊಂಡು. "ನಮ್ಮ ಮನೇಲಿ ಸಾರ್ ಸತ್ತೋದ್ರು ಅಂತ ಮಾತಾಡ್ಕೋತಿದ್ರು. ಹೇಳಿದೆ. ಯಾಮಿನಿಯಕ್ಕ ಹೊಡೆದ್ಲು. ಮೇಡಂ ವರ್ಗ ಅಂದವ್ರೆ, ಮೇಡಂ ಸುಳ್ಳು ಹೇಳ್ತಾರಾ ಅಂದ್ಲು."

ಅದೇ ಹೊತ್ತಿಗೆ ಫೋನು ಬಂತು. ಕಚೇರಿಯ ಗುಮಾಸ್ತ ನರಸಿಂಹಪ್ಪ. ಹಳೆಯ ಪರಿಚಯ. 

"ಅಮ್ಮಾ, ನಿಮ್ಮ ಮಕ್ಕಳು ಬಂದು ಜಗಲಿ ಮೇಲೆ ಕೂತವ್ರೆ. ಮುನೇಶ್ ಸಾರ್‌ನ ವಾಪಸ್ ಕೊಡಿ ಅಂತಾರೆ. ಮೊನ್ನೆ ಇದೇ ಜಗಲೀಲಿ ಎಲ್ಲ ನಿಂತು ಮೌನ ಮಾಡಿದೀವಿ. ಏನಂತ ಹೇಳ್ಲಿ ನಾನು? ಸಾಹೇಬ್ರು ಒಳಗಿಂದ ಹೊರಕ್ಕೇ ಬರ್ತಿಲ್ಲ. ನೀವು ಬನ್ನಿ."

ಹುಡುಗರನ್ನು ಆದಿಲಕ್ಷ್ಮಮ್ಮನಿಗೆ ಒಪ್ಪಿಸಿ ರಾಮಲಕ್ಷ್ಮಮ್ಮನವರು ಕೊಂಡಪ್ಪನನ್ನು ಕರೆಸಿದರು. ಕಾರು ಹೊರಡುವ ಮುನ್ನ ಅಮೃತಳ ಮನೆಯ ಮುಂದೆ ನಿಲ್ಲಿಸಿದರು. ಅವಳ ತಾಯಿ ಹೂವಿನ ತೋಟಕ್ಕೆ ಹೋಗಲು ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಕಾರು ಹತ್ತಮ್ಮ ಎಂದರು, ಏಕೆಂದು ಅವಳು ಕೇಳಲಿಲ್ಲ. ದಾರಿಯಲ್ಲಿ ರಾಮಲಕ್ಷ್ಮಮ್ಮನವರು ಎಲ್ಲವನ್ನೂ ಹೇಳಿದರು, ಮಗಳು ಹಲಗೆಯ ಮೇಲೆ ಬರೆಸಿದ ಪ್ರಶ್ನೆಯನ್ನೂ, ಮುನೇಶ ಸೋಮವಾರ ಅವಳ ಮನೆಗೆ ಬರಬೇಕೆಂದಿದ್ದುದನ್ನೂ. ಆ ಹೆಂಗಸು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ಕೊನೆಗೆ ಒಂದು ಮಾತಾಡಿದಳು.

"ರಾತ್ರಿ ಹೊತ್ತು ಲಾರಿ ಸದ್ದು ಕೇಳಿದ್ರೆ ಎದ್ದು ಕೂತ್ಕೋತಾಳೆ ಅಮ್ಮ. ನಾನು ನಿದ್ದೆ ಮಾಡ್ದಂಗೆ ಬಿದ್ದಿರ್ತೀನಿ."

ಕಚೇರಿಯ ಜಗಲಿಯ ಮೇಲೆ ಹುಡುಗಿಯರು ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಯೂನಿಫಾರ್ಮು ಹಾಕಿ, ಜಡೆ ಹೆಣೆದು, ಎಣ್ಣೆ ಹಚ್ಚಿ ಬಂದಿದ್ದರು. ರಾಮಲಕ್ಷ್ಮಮ್ಮನವರನ್ನು ಕಂಡು ಹೆದರಿಕೊಳ್ಳುವ ಬದಲು ಯಾಮಿನಿಯ ಮುಖ ಅರಳಿತು.

"ನೀವೂ ಬಂದ್ರಾ ಮೇಡಂ? ಕೂತ್ಕೊಳಿ. ದೊಡ್ಡೋರು ಇದ್ರೆ ಬೇಗ ಮಾಡ್ತಾರೆ."

ಬೆಳಗ್ಗೆ ಎದುರು ಬಸ್ಸಿನಲ್ಲಿ ಇವರನ್ನು ಕಂಡು ಸೀಟಿನ ಕೆಳಗೆ ಅಡಗಿದ್ದನ್ನು ಹೇಳಿ ಚಿಕ್ಕವೊಂದೆರಡು ಕಿಲಕಿಲ ನಕ್ಕವು. ನರಸಿಂಹಪ್ಪ ಬಾಗಿಲಲ್ಲಿ ನಿಂತವನು ಮುಖ ಮರೆ ಮಾಡಿಕೊಂಡ.  ರಾಮಲಕ್ಷ್ಮಮ್ಮನವರು ಮಕ್ಕಳ ಎದುರಿಗೆ ನೆಲದ ಮೇಲೆ ಕೂತರು.   ಮನಸ್ಸಿನಲ್ಲೇ ಕೈವಾರದ ತಾತಯ್ಯನವರನ್ನು ನೆನೆದರು, ನೆನೆದು ನಾಚಿದರು.

ಅಮೃತ ಸಾಲಿನ ಕೊನೆಯಲ್ಲಿ ಕೂತಿದ್ದಳು. ಅವಳು ಮೇಡಂನ ಹಿಂದೆ ಕಂಬಕ್ಕೆ ಒರಗಿ ನಿಂತ ತನ್ನ ತಾಯಿಯನ್ನು ನೋಡಿದಳು. ಮತ್ತೆ ಮೇಡಂನ ಮುಖ ನೋಡಿದಳು. ಸಣ್ಣ ದನಿಯಲ್ಲಿ ಕೇಳಿದಳು.

"ಮೇಡಂ, ನಮ್ಮಪ್ಪ ಹೋದ ಊರಿಗೇನಾ ಸಾರ್ ಹೋಗಿರೋದು?"

ಉಳಿದವರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ರಾಮಲಕ್ಷ್ಮಮ್ಮನವರಿಗೆ ಮಾತ್ರ ಅರ್ಥವಾಯಿತು. ಈ ಹುಡುಗಿಗೆ ಗೊತ್ತು. ಯಾವಾಗಿನಿಂದಲೋ ಗೊತ್ತು. ಅವಳ ಬಾಯಿ ಕಟ್ಟಿಸಿದ್ದು ತಂದೆಯ ಸಾವಲ್ಲ. ಕೇಳಿದಾಗಲೆಲ್ಲ ದೊಡ್ಡವರು ಮುಖ ತಿರುಗಿಸಿ ಹೇಳಿದ ಆ ಒಂದು ಮಾತು. ಅದೇ ಮಾತನ್ನು, ಊರಿನ ಹೆಸರೊಂದನ್ನು ಬದಲಾಯಿಸಿ, ಸೋಮವಾರ ತಾವೂ ಅವಳ ಕೈಗೆ ಕೊಟ್ಟಿದ್ದರು.

ಅವರು ತಿರುಗಿ ತಾಯಿಯನ್ನು ನೋಡಿದರು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೇಡವೆನ್ನಲಿಲ್ಲ.

"ಹೌದಮ್ಮ" ಎಂದರು ರಾಮಲಕ್ಷ್ಮಮ್ಮನವರು. "ಮುನೇಶ್ ಸಾರ್ ಸತ್ತುಹೋದ್ರು. ಸೋಮವಾರ ಬೆಳಗ್ಗೆ, ಎದೆನೋವು ಬಂದು. ವರ್ಗ ಅಂತ ನಾನು ಸುಳ್ಳು ಹೇಳ್ದೆ. ಇಲ್ಲಿ ಎಷ್ಟು ದಿನ ಕೂತ್ರೂ ಅವರನ್ನ ವಾಪಸ್ ಕೊಡಕ್ಕೆ ಯಾರ ಕೈಲೂ ಆಗಲ್ಲ."

ಯಾಮಿನಿ ಎದ್ದು ನಿಂತಳು. ಮೇಡಂನ ಮುಖವನ್ನೇ ದಿಟ್ಟಿಸಿದಳು, ಇದೂ ಸುಳ್ಳೇ ಇರಬಹುದೇ ಎಂಬ ಹಾಗೆ. ಬೆಳಗ್ಗೆ ಆ ಹುಡುಗನಿಗೆ ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮತ್ತೆ ಕುಸಿದು ಕೂತಳು. ಚಿಕ್ಕವು ಅವಳನ್ನು ನೋಡಿ ಅಳಲು ಶುರುಮಾಡಿದವು.

ಅಮೃತ ಅಳಲಿಲ್ಲ. "ನಮ್ಮಪ್ಪಾನೂ?" ಎಂದಳು.

"ನಿಮ್ಮಪ್ಪಾನೂ ತಾಯಿ. ಹೋದ ವರ್ಷ. ಕೆಲಸದ ಜಾಗದಲ್ಲಿ ಪೈಪು ಬಿದ್ದು."

ಆಮೇಲೆ ರಾಮಲಕ್ಷ್ಮಮ್ಮನವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಆಡಬೇಕೆಂದು ಬಾಯಿಗೆ ಬಂದದ್ದನ್ನೆಲ್ಲ ತಡೆದು ಕಾದರು. ಒಳಗೆ ಎಲ್ಲೋ ಫೋನು ಹೊಡೆದುಕೊಂಡು ತಾನೇ ನಿಂತಿತು. ಹುಡುಗಿ ತನ್ನ ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು.

"ಮತ್ತೆ ಯಾಕೆ ಯಾರೂ ಹೇಳ್ಲಿಲ್ಲ?"

"ಹೆದರಿಕೆ ಆಯ್ತು ಕಣಮ್ಮ."

"ನಾನು ಅಳ್ತೀನಿ ಅಂತಾನಾ?"

"ಇಲ್ಲ. ನೀನು ಅಳೋದನ್ನ ನೋಡಕ್ಕೆ ನಮ್ಮ ಕೈಲಿ ಆಗಲ್ಲ ಅಂತ."

ಹುಡುಗಿ ಅದನ್ನು ಯೋಚಿಸಿದಳು. ಎದ್ದು ಮೇಡಂನ ಪಕ್ಕದಿಂದ ಹೋಗಿ ತಾಯಿಯ ಮುಂದೆ ನಿಂತಳು. ಆಕೆ ಕಂಬದ ಬುಡದಲ್ಲಿ ಕೂತು ತೋಳು ಚಾಚಿದಳು. ಆಗ ಆ ಮಗುವಿನ ಒಳಗಿನಿಂದ ಹೊರಟ ದನಿಗೆ ಕಚೇರಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಯಾರೂ ಸುಮ್ಮನಿರು ಎನ್ನಲಿಲ್ಲ. ಕೊಂಡಪ್ಪ ಕಾರಿನ ಹತ್ತಿರವೇ ನಿಂತು ಟವೆಲಿನಿಂದ ಮುಖ ಮುಚ್ಚಿಕೊಂಡ. ಸೋಮವಾರದಿಂದ ಬಾರದೆ ಇದ್ದ ಕಣ್ಣೀರು ರಾಮಲಕ್ಷ್ಮಮ್ಮನವರಿಗೂ ಬಂತು, ಒರೆಸಿಕೊಳ್ಳದೆ ಬಿಟ್ಟರು.

ನರಸಿಂಹಪ್ಪ ನೀರು ತಂದು ಕೊಟ್ಟ. ಮಕ್ಕಳು ಕುಡಿದರು. ಯಾಮಿನಿ ಮೂಗೊರೆಸಿಕೊಂಡು, ಸಾರ್‌ನ ಮಲಗಿಸಿರುವ ಜಾಗಕ್ಕೆ ತಮ್ಮನ್ನು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದಳು. ಭಾನುವಾರ ಹೋಗೋಣ, ಹುಡುಗರನ್ನೂ ಕರೆದುಕೊಂಡು ಎಂದರು ರಾಮಲಕ್ಷ್ಮಮ್ಮನವರು. ಅಮೃತ ತಾಯಿಯ ಮಡಿಲಿನಿಂದಲೇ, ಅಪ್ಪನ ಜಾಗಕ್ಕೂ ಎಂದಳು. ಅಲ್ಲಿಗೂ ಎಂದಳು ತಾಯಿ.

ಅಷ್ಟರಲ್ಲಿ ಚಿಕ್ಕ ಹುಡುಗಿಯೊಬ್ಬಳು, ಇವತ್ತಿಗೆ ಏನು ಮಾಡೋದು ಎಂದು ಕೇಳಿದಳು.  ರಾಮಲಕ್ಷ್ಮಮ್ಮನವರು ಜಗಲಿಯ ಮೇಲೆಯೇ ಕೈಮುಗಿದು ಕಣ್ಣುಮುಚ್ಚಿದರು. ಅವರಿಗೆ ಎಷ್ಟೋ ಸ್ತೋತ್ರಗಳು ಬರುತ್ತಿದ್ದವು; ಆಗ ಒಂದೂ ನೆನಪಾಗಲಿಲ್ಲ. ಮಕ್ಕಳಿಗೆ ತಿಳಿಯುವಂಥ ಮಾತಿನಲ್ಲಿ, ನಿಧಾನವಾಗಿ, ತೋಚಿದ್ದನ್ನೇ ಹೇಳಿದರು. ಮಕ್ಕಳೂ, ಆ ತಾಯಿಯೂ, ಬಾಗಿಲಲ್ಲಿ ನಿಂತವರೂ ಕೈಮುಗಿದು ಕೇಳಿದರು.

"ಸ್ವಾಮಿ, ಮುನೇಶ ನಿನ್ನ ಹತ್ತಿರ ಬಂದಿದ್ದಾನೆ. ದಣಿದು ಬಂದಿದ್ದಾನೆ, ಅವನನ್ನು ಹೊರಗೆ ನಿಲ್ಲಿಸಬೇಡ. ನಾವು ಕೊಡಲಾರದೆ ಹೋದ ಉತ್ತರಗಳನ್ನು ನೀನು ಅವನಿಗೆ ಕೊಡು. ಅವನ ಹೆಂಡತಿಗೆ, ತಾಯಿತಂದೆಗೆ ತಡೆದುಕೊಳ್ಳುವ ಶಕ್ತಿ ಕೊಡು. ದೂರದ ಊರಿನಲ್ಲಿ ತನ್ನವರು ಯಾರೂ ಹತ್ತಿರವಿಲ್ಲದೆ ಹೋದ ನಮ್ಮ ರಮೇಶ್‌ಬಾಬುವನ್ನೂ ಕೈಹಿಡಿದು ನಡೆಸು. ಇಬ್ಬರಿಗೂ ತಂಪಾದ ನೆರಳು ಸಿಗಲಿ. ಇಬ್ಬರ ಜೀವಕ್ಕೂ ಶಾಂತಿಯಾಗಲಿ."